ಸೈಕಲ್ ಜಾಲದ ನಂಬರನ್ನು ಕಂಬಕ್ಕೆ ಹಾಕಬೇಕಾ, ದಾರಿ ಕೂಡುವ ಜಾಗಕ್ಕಾ?

ಐಂಡ್‌ಹೋವನ್_ಕನ್ನಡಿಗ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್ ಪಕ್ಕದಲ್ಲಿ ಇದ್ದೇನೆ. ಬೆಂಗಳೂರಿನಲ್ಲಿದ್ದಾಗ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ (ಯಾರು ಬೇಕಾದರೂ ತಿದ್ದಬಹುದಾದ ಆನ್‌ಲೈನ್ ನಕ್ಷೆ) ಅಂಗಡಿ, ಬಸ್ ಸ್ಟಾಪ್, ದೇವಸ್ಥಾನ ಸೇರಿಸುತ್ತಿದ್ದೆ. ಇಲ್ಲಿಗೆ ಬಂದ ಮೇಲೆ ಸೈಕಲ್ ದಾರಿಗಳ ಕಡೆ ಮನಸ್ಸು ಹೋಗಿದೆ.

ಇಲ್ಲಿ ದಾರಿಗಳು ಕೂಡುವ ಕಡೆ ಬಿಳಿ ಫಲಕದ ಮೇಲೆ ಹಸಿರು ಬಣ್ಣದಲ್ಲಿ ಒಂದು ನಂಬರ್ ಇರುತ್ತದೆ. ಡಚ್ ಭಾಷೆಯಲ್ಲಿ ಇದಕ್ಕೆ ಕ್ನೋಪ್‌ಪುಂಟ್ ಅನ್ನುತ್ತಾರೆ. 23ರಿಂದ 24ಕ್ಕೆ, 24ರಿಂದ 61ಕ್ಕೆ ಅಂತ ಬಾಣ ಹಿಡಿದು ಹೋಗುವುದು. ಜನ ಒಂದು ಚೀಟಿಯಲ್ಲಿ ನಾಲ್ಕೈದು ನಂಬರ್ ಬರೆದುಕೊಂಡು ಹ್ಯಾಂಡಲ್‌ಗೆ ಅಂಟಿಸಿಕೊಂಡು ಇಡೀ ದಿನ ಸುತ್ತುತ್ತಾರೆ. ಊರಿನ ಹೆಸರು ಓದೋಕೆ ಬರದಿದ್ದರೂ ದಾರಿ ತಪ್ಪುವುದಿಲ್ಲ. ನಾನು ಬಂದ ಮೊದಲ ತಿಂಗಳು ಇದೇ ನಂಬರುಗಳನ್ನು ನಂಬಿಕೊಂಡು ಈ ಸೀಮೆ ಕಲಿತೆ.

ಈಗ ತೊಂದರೆ ಹೇಳುತ್ತೇನೆ. ನಮ್ಮ ಮನೆ ಹತ್ತಿರದ ಒಂದು ಕೂಡುರಸ್ತೆಯನ್ನು ರೌಂಡ್‌ಅಬೌಟ್ ಮಾಡಿದ್ದಾರೆ. ನಕ್ಷೆಯಲ್ಲಿ ಇನ್ನೂ ಹಳೆಯದೇ ಇತ್ತು. ನಾನು ಐಡಿ ಎಡಿಟರ್ (ಬ್ರೌಸರಿನಲ್ಲೇ ನಕ್ಷೆ ತಿದ್ದುವ ಸಾಧನ) ತೆಗೆದು ಹಳೆಯ ಗೆರೆಗಳನ್ನು ಅಳಿಸಿ ಹೊಸದಾಗಿ ಬರೆದೆ. ನಡುವೆ ಇದ್ದ ಒಂದು ಚುಕ್ಕೆಯಲ್ಲಿ ‘ಆರ್‌ಸಿಎನ್_ರೆಫ್=23’ ಅಂತ ಟ್ಯಾಗ್ (ಆ ಚುಕ್ಕೆ ಏನು ಅಂತ ಹೇಳುವ ಗುರುತು) ಇತ್ತು. ಅದೂ ಹೋಯಿತು. 23 ಅನ್ನುವ ಫಲಕ ರಸ್ತೆ ಪಕ್ಕದ ಹುಲ್ಲಿನಲ್ಲಿ ನಿಂತಿದೆ, ಅದಕ್ಕೇ ಅಲ್ಲೊಂದು ಹೊಸ ಚುಕ್ಕೆ ಇಟ್ಟು ಅದಕ್ಕೆ ನಂಬರ್ ಹಾಕಿದೆ. ಫಲಕ ಎಲ್ಲಿದೆಯೋ ನಂಬರ್ ಅಲ್ಲಿ, ಅಲ್ವಾ?

ಎರಡು ದಿನಕ್ಕೆ ಇಲ್ಲಿನ ಒಬ್ಬ ಹಳೆಯ ಮ್ಯಾಪರ್ ನನ್ನ ಚೇಂಜ್‌ಸೆಟ್ (ಒಂದು ಸಲಕ್ಕೆ ಸೇವ್ ಮಾಡಿದ ತಿದ್ದುಪಡಿಗಳು) ಕೆಳಗೆ ತುಂಬಾ ಮರ್ಯಾದೆಯಿಂದ ಒಂದು ಕಾಮೆಂಟ್ ಬರೆದಿದ್ದಾರೆ. ಮೂರು ರೂಟುಗಳು ತುಂಡಾಗಿವೆ, 23 ಯಾವುದಕ್ಕೂ ಅಂಟಿಕೊಂಡಿಲ್ಲ ಅಂತ. ಸರಿ ಮಾಡಬೇಕು. ಆದರೆ ಏನು ಸರಿ ಅಂತಲೇ ಗೊತ್ತಾಗುತ್ತಿಲ್ಲ. ಕನ್ನಡದಲ್ಲಿ ಯಾರಾದರೂ ಬಿಡಿಸಿ ಹೇಳುತ್ತೀರಾ?


ಉಟ್ರೆಕ್ಟ್_ಹಾಸನ · ಭಾನುವಾರ ರಾತ್ರಿ 10:25

ಮೊದಲು ಒಂದು ಮಾತು. ಆ ಎಡಿಟನ್ನು ಗಾಬರಿಯಲ್ಲಿ ಪೂರ್ತಿ ವಾಪಸ್ ತೆಗೆಯಬೇಡಿ. ರೌಂಡ್‌ಅಬೌಟ್ ನಿಜವಾಗಿ ಬಂದಿದೆ, ಅದನ್ನು ಬರೆದದ್ದು ಸರಿ. ಜಾಲ ಮಾತ್ರ ಹೊಲಿಯಬೇಕು.

ಫಲಕ ಬೇರೆ, ನಂಬರಿನ ಜಾಗ ಬೇರೆ. ನಿಮ್ಮ ಪ್ರಶ್ನೆಯ ಜೀವಾಳ ಇದೇ. ಹುಲ್ಲಿನ ಮೇಲೆ ನಿಂತಿರುವ ಕಂಬ ಒಂದು ವಸ್ತು. ಅದನ್ನು ‘ಟೂರಿಸಂ=ಇನ್ಫರ್ಮೇಷನ್’, ‘ಇನ್ಫರ್ಮೇಷನ್=ಗೈಡ್‌ಪೋಸ್ಟ್’ ಅಂತ ಹಾಕಿ. ಪಕ್ಕದಲ್ಲಿ ನಕ್ಷೆ ಇರುವ ದೊಡ್ಡ ಬೋರ್ಡ್ ಇದ್ದರೆ ‘ಇನ್ಫರ್ಮೇಷನ್=ಮ್ಯಾಪ್’. ಇವು ದಾರಿಯ ಪಕ್ಕದಲ್ಲಿ, ಕಂಬ ಇರುವ ಜಾಗದಲ್ಲೇ ಇರಲಿ.

‘ಆರ್‌ಸಿಎನ್_ರೆಫ್’ ಹಾಗಲ್ಲ. ಅದು ಸವಾರ ಎಡಕ್ಕೋ ಬಲಕ್ಕೋ ಅಂತ ತಿರುಗುವ ಜಾಗ. ಹಾಗಾಗಿ ಅದು ಸೈಕಲ್ ದಾರಿಯ ಗೆರೆಯ ಮೇಲಿನ ಚುಕ್ಕೆಯೇ ಆಗಬೇಕು, ದಾರಿಗಳು ಸೇರುವ ಚುಕ್ಕೆ. ಗೆರೆಯಿಂದ ಎರಡು ಮೀಟರ್ ಆಚೆ ಇಟ್ಟರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು ನಡುನೀರಿನಲ್ಲಿ ಇದ್ದ ಹಾಗೆ. ರೂಟ್ ಹುಡುಕುವ ಆ್ಯಪ್‌ಗೆ ಅಲ್ಲಿಗೆ ಹೋಗೋಕೆ ದಾರಿ ಇಲ್ಲ.

ಅಕ್ಷರಗಳ ಅರ್ಥ ಗೊತ್ತಿದ್ದರೆ ನೆನಪಿಡೋದು ಸುಲಭ. ಮೊದಲ ‘ಆರ್’ ಅಂದರೆ ಒಂದು ಪ್ರಾಂತ್ಯದ ಮಟ್ಟದ್ದು, ‘ಸಿ’ ಸೈಕಲ್, ‘ಎನ್’ ಜಾಲ. ನಡಿಗೆಯ ಜಾಲಕ್ಕೆ ‘ಆರ್‌ಡಬ್ಲ್ಯುಎನ್_ರೆಫ್’. ಕುದುರೆ ಸವಾರಿಗೆ, ದೋಣಿಗೂ ಇದೇ ರೀತಿ ಬೇರೆ ಬೇರೆ ಇವೆ. ಇದರ ಜೊತೆ ‘ನೆಟ್‌ವರ್ಕ್:ಟೈಪ್=ನೋಡ್_ನೆಟ್‌ವರ್ಕ್’ ಅನ್ನುವ ಟ್ಯಾಗ್ ಚುಕ್ಕೆಗೂ ಹಾಕಿ, ರೂಟ್ ರಿಲೇಷನ್‌ಗೂ (ಒಂದು ರೂಟಿನ ಗೆರೆಗಳನ್ನೆಲ್ಲ ಒಟ್ಟಿಗೆ ಕಟ್ಟಿದ ಪಟ್ಟಿ) ಹಾಕಿ. ಯಾಕೆಂದರೆ ಇಲ್ಲಿ ದೂರದ ಉದ್ದನೆಯ ಸೈಕಲ್ ದಾರಿಗಳೂ ಇವೆ. ಅವಕ್ಕೂ ‘ನೆಟ್‌ವರ್ಕ್=ಆರ್‌ಸಿಎನ್’ ಇರಬಹುದು. ಇದು ನಂಬರ್ ಜಾಲದ ತುಂಡು, ಅದು ಉದ್ದನೆಯ ದಾರಿ ಅಂತ ಬೇರೆ ಮಾಡಿ ತೋರಿಸುವುದು ಈ ಟ್ಯಾಗೇ.

(ಇವೆಲ್ಲ ಎಡಿಟರಿನಲ್ಲಿ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಬರೆಯುವಂಥವು. ಓದೋಕೆ ಅನುಕೂಲ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.)


ಲುವೆನ್_ವಿದ್ಯಾರ್ಥಿ · ಭಾನುವಾರ ರಾತ್ರಿ 11:05

ಮೇಡಂ ಹೇಳಿದ್ದು ಸರಿ. ನಾನು ಬೆಲ್ಜಿಯಂ ಕಡೆಯವನು, ಅದಕ್ಕೆ ಸ್ವಲ್ಪ ಹಿನ್ನೆಲೆ ಹೇಳಬೇಕು ಅನ್ನಿಸಿತು.

ಈ ನಂಬರ್ ಪದ್ಧತಿ ಶುರುವಾಗಿದ್ದು ಬೆಲ್ಜಿಯಂನ ಲಿಂಬುರ್ಗ್‌ನಲ್ಲಿ. ಹ್ಯೂಗೋ ಬೊಲೆನ್ ಅನ್ನುವ ಗಣಿ ಎಂಜಿನಿಯರ್ ಇದನ್ನು ರೂಪಿಸಿದರು. ಮೊದಲ ಜಾಲ 1995ರಲ್ಲಿ ತೆರೆಯಿತು. ಆ ಸೀಮೆ ಕಲ್ಲಿದ್ದಲ ಸೀಮೆ. ಕೊನೆಯ ಗಣಿ ಝೋಲ್ಡರ್‌ನಲ್ಲಿ 1992ರಲ್ಲಿ ಮುಚ್ಚಿತು. ಮೂರೇ ವರ್ಷಕ್ಕೆ ಅದೇ ಮಣ್ಣಿನ ಮೇಲೆ ಸೈಕಲ್ ಓಡಾಡೋಕೆ ಶುರುವಾಯಿತು. ಈಗ ಅಲ್ಲೇ ಬೋಕ್ರೈಕ್ ಹತ್ತಿರ ಕೆರೆಯ ನಡುವೆ 212 ಮೀಟರ್ ಉದ್ದದ ದಾರಿ ಇದೆ. 2016ರಲ್ಲಿ ಆಗಿದ್ದು. ಸೈಕಲ್ ಮೇಲೆ ಕೂತರೆ ನೀರು ಎರಡೂ ಕಡೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಒಮ್ಮೆ ಹೋಗಿ ಬನ್ನಿ.

ಹಳೆಯ ಪದ್ಧತಿ ಏನಿತ್ತು ಅಂದರೆ, ಸುತ್ತು ದಾರಿಗಳು. ಒಂದು ಕಡೆ ಹೊರಟರೆ ಪೂರ್ತಿ ಸುತ್ತಿ ಅಲ್ಲಿಗೇ ಬರಬೇಕು. 40 ಕಿಲೋಮೀಟರ್ ಅಂದರೆ 40. ಮಳೆ ಬಂತು, ಮಗು ಅತ್ತಿತು ಅಂದರೂ ಬೇರೆ ದಾರಿ ಇಲ್ಲ. ಬೊಲೆನ್ ಅವರ ಜಾಲದಲ್ಲಿ ಪ್ರತಿ ಕೂಡುವಿಕೆಯಲ್ಲೂ ಮನಸ್ಸು ಬದಲಾಯಿಸಬಹುದು. ನಂಬರ್ ಇರೋದು ಕಂಬಕ್ಕೋಸ್ಕರ ಅಲ್ಲ, ಅಲ್ಲಿ ನಿಂತು ಯೋಚಿಸುವ ಸವಾರನಿಗೋಸ್ಕರ. ಅದಕ್ಕೇ ನಂಬರನ್ನು ಗೆರೆಯ ಮೇಲೆ ಹಾಕಿ ಅನ್ನುವುದು.

ಇನ್ನೊಂದು ವಿಷಯ. ನಂಬರುಗಳು ಹೆಚ್ಚಿನ ಕಡೆ 1ರಿಂದ 99ರ ಒಳಗೆ. ಹಾಗಾಗಿ ಪಕ್ಕದ ಜಾಲದಲ್ಲೂ ಒಂದು 23 ಇರಬಹುದು, ಇನ್ನೂರು ಕಿಲೋಮೀಟರ್ ಆಚೆ ಇನ್ನೊಂದು. ಇದು ತಪ್ಪಲ್ಲ. ಎರಡೂ 23 ನೋಡಿ ‘ಡಬಲ್ ಆಗಿದೆ’ ಅಂತ ಒಂದನ್ನು ಅಳಿಸಬೇಡಿ. ಹೊಸಬರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದನ್ನು ನಾನು ಒಮ್ಮೆ ಸರಿ ಮಾಡಿದ್ದೇನೆ.


ಐಂಡ್‌ಹೋವನ್_ಕನ್ನಡಿಗ · ಸೋಮವಾರ ಬೆಳಿಗ್ಗೆ 7:15

ಇಬ್ಬರಿಗೂ ಥ್ಯಾಂಕ್ಸ್. ನಂಬರ್ ಗೆರೆಯ ಮೇಲೆ ಅನ್ನೋದು ಅರ್ಥವಾಯಿತು. ಆದರೆ ನನ್ನದು ರೌಂಡ್‌ಅಬೌಟ್. ಕಾರು ಸುತ್ತುವ ವೃತ್ತದ ಹೊರಗೆ ಕೆಂಪು ಸೈಕಲ್ ದಾರಿಯ ಇನ್ನೊಂದು ವೃತ್ತ ಇದೆ. ಅದಕ್ಕೆ ನಾಲ್ಕು ಕಡೆಯಿಂದ ದಾರಿಗಳು ಸೇರುತ್ತವೆ. ಯಾವ ಚುಕ್ಕೆಗೆ 23 ಹಾಕಲಿ? ನಡುವೆ ಹಾಕಿದರೆ ಅಲ್ಲಿ ಹೂವಿನ ಗಿಡ ಇದೆ.


ಉಟ್ರೆಕ್ಟ್_ಹಾಸನ · ಸೋಮವಾರ ಮಧ್ಯಾಹ್ನ 1:10

ನಡುವೆ ಬೇಡವೇ ಬೇಡ. ಫಲಕಗಳನ್ನು ನೋಡಿ. ಪ್ರತಿ ತೋಳಿನ ಹತ್ತಿರವೂ 23 ಅಂತ ಬರೆದು ಬಾಣ ಹಾಕಿದ್ದಾರಾ? ಹಾಗಿದ್ದರೆ ಆ ತೋಳು ಸೈಕಲ್ ವೃತ್ತಕ್ಕೆ ಸೇರುವ ಚುಕ್ಕೆಗೆಲ್ಲ 23 ಹಾಕಬಹುದು. ಒಂದೇ ನಂಬರ್ ನಾಲ್ಕು ಚುಕ್ಕೆಗಳಿಗೆ ಬಂದರೆ ತಪ್ಪೇನಿಲ್ಲ. ನಂಬರ್ ಒಂದೇ ಕಡೆ ಬರೆದಿದ್ದರೆ ಆ ಒಂದೇ ಚುಕ್ಕೆ ಸಾಕು.

ಆದರೆ ಆ ನಾಲ್ಕು 23ಗಳ ನಡುವೆ ಸಂಪರ್ಕ ಇರಬೇಕು. ಪಶ್ಚಿಮದಿಂದ ಬಂದವನು ಪೂರ್ವದ ಕಡೆ ಹೋಗಬೇಕಾದರೆ ವೃತ್ತದ ಅರ್ಧ ಸುತ್ತಬೇಕು. ಆ ಅರ್ಧ ಯಾವ ರೂಟಿನದ್ದು? ಎರಡು ಪದ್ಧತಿ ಕಂಡಿದ್ದೇನೆ. ಕೆಲವರು 23-24 ರೂಟಿನ ತುದಿಯನ್ನೇ ವೃತ್ತದ ಮೇಲೆ ಚಾಚಿ ಉಳಿದ 23ಗಳಿಗೆ ಮುಟ್ಟಿಸುತ್ತಾರೆ. ಆಕ್ಟೋಪಸ್ಸಿನ ತೋಳು ಇದ್ದ ಹಾಗೆ. ಕೆಲವರು 23-23 ಅಂತ ಪುಟ್ಟ ರೂಟ್ ಮಾಡುತ್ತಾರೆ. ನಿಮ್ಮ ಸುತ್ತಲಿನ ನಾಲ್ಕು ರೌಂಡ್‌ಅಬೌಟ್ ನೋಡಿ, ಅಲ್ಲಿ ಯಾವುದಿದೆಯೋ ಅದನ್ನೇ ಮಾಡಿ. ಅಲ್ಲಿನ ರೂಢಿ ಮುರಿಯಬೇಡಿ. ನನಗೆ ಮೊದಲನೆಯದು ಇಷ್ಟ. ಬಾಣ ಹಿಡಿದು ಹೋಗುವವನ ಸೈಕಲ್ ನಿಜವಾಗಿ ಓಡುವುದೇ ಹಾಗೆ.

ಈಗ ರೂಟ್ ರಿಲೇಷನ್. ಎರಡು ನಂಬರುಗಳ ನಡುವಿನ ದಾರಿಗೆ ಒಂದು ರಿಲೇಷನ್. ಅದರಲ್ಲಿ ‘ಟೈಪ್=ರೂಟ್’, ‘ರೂಟ್=ಬೈಸಿಕಲ್’, ‘ನೆಟ್‌ವರ್ಕ್=ಆರ್‌ಸಿಎನ್’, ಮೊದಲೇ ಹೇಳಿದ ನೋಡ್ ನೆಟ್‌ವರ್ಕ್ ಟ್ಯಾಗ್, ಆಮೇಲೆ ‘ರೆಫ್=23-24’. ಚಿಕ್ಕ ನಂಬರ್ ಮೊದಲು. ಹಳೆಯ ರಿಲೇಷನ್‌ಗಳಲ್ಲಿ ಇದೇ 23-24 ‘ನೋಟ್’ ಅನ್ನುವ ಟ್ಯಾಗಿನಲ್ಲಿ ಇರುತ್ತದೆ, ಗಾಬರಿ ಬೇಡ.

ಜಾಸ್ತಿ ಜನ ಎಡವುವುದು ಇಲ್ಲಿ: ರೂಟ್ ನಂಬರಿನ ಚುಕ್ಕೆಯಲ್ಲೇ ಶುರುವಾಗಿ ಚುಕ್ಕೆಯಲ್ಲೇ ಮುಗಿಯಬೇಕು. ಗೆರೆ ಆ ಚುಕ್ಕೆ ದಾಟಿ ಮುಂದೆ ಹೋಗಿದ್ದರೆ ಅಲ್ಲಿ ಕತ್ತರಿಸಿ. ಐಡಿಯಲ್ಲಿ ಚುಕ್ಕೆ ಆರಿಸಿ ‘ಎಕ್ಸ್’ ಒತ್ತಿ, ಜೋಸಮ್ ಅನ್ನುವ ಇನ್ನೊಂದು ಎಡಿಟರಿನಲ್ಲಿ ‘ಪಿ’. ಕತ್ತರಿಸಿದಾಗ ಎರಡೂ ತುಂಡುಗಳು ರಿಲೇಷನ್‌ನಲ್ಲೇ ಉಳಿಯುತ್ತವೆ. ಬೇಡದ ತುಂಡನ್ನು ನೀವೇ ತೆಗೆಯಬೇಕು.


ಕಾಲುದಾರಿ · ಸೋಮವಾರ ಸಂಜೆ 6:50

ದಿಕ್ಕಿನ ವಿಷಯ ಯಾರೂ ಹೇಳಲಿಲ್ಲ. ಊರಿನಿಂದ ಬಂದವರಿಗೆ ಇದು ತುಂಬಾ ಗೊಂದಲ ಮಾಡುತ್ತದೆ.

ನಮ್ಮ ಕಡೆ ಎಡಗಡೆ ಓಡಾಟ, ಇಲ್ಲಿ ಬಲಗಡೆ. ದೊಡ್ಡ ರಸ್ತೆಗಳಿಗೆ ಎರಡೂ ಕಡೆ ಒಂದೊಂದು ಒನ್‌ವೇ ಸೈಕಲ್ ದಾರಿ ಇರುತ್ತದೆ. 23ರಿಂದ 24ಕ್ಕೆ ಹೋಗುವವರು ಒಂದು ಬದಿ, ಬರುವವರು ಇನ್ನೊಂದು ಬದಿ. ಆಗ ರಿಲೇಷನ್‌ನಲ್ಲಿ ಒಂದೊಂದು ತುಂಡಿಗೂ ‘ಫಾರ್ವರ್ಡ್’ ಅಥವಾ ‘ಬ್ಯಾಕ್‌ವರ್ಡ್’ ಅನ್ನುವ ರೋಲ್ ಕೊಡಬೇಕು.

ಇಲ್ಲಿ ಮುಂದೆ, ಹಿಂದೆ ಅನ್ನೋದು ರೂಟಿನ ದಿಕ್ಕಲ್ಲ, ಆ ಗೆರೆ ಬರೆದ ದಿಕ್ಕು. ಎಡಿಟರಿನಲ್ಲಿ ಗೆರೆಯ ಮೇಲೆ ಸಣ್ಣ ಬಾಣ ಕಾಣುತ್ತದಲ್ಲ, ಅದು. ಒನ್‌ವೇ ದಾರಿಗಳನ್ನು ಓಡಾಟದ ದಿಕ್ಕಿಗೇ ಬರೆದಿರುವುದರಿಂದ ಹೋಗುವ ಬದಿಗೂ ಬರುವ ಬದಿಗೂ ಎರಡಕ್ಕೂ ‘ಫಾರ್ವರ್ಡ್’ ಬರುತ್ತದೆ. ಇದನ್ನು ನೋಡಿ ನಾನು ತಪ್ಪು ಅಂದುಕೊಂಡು ಒಂದಕ್ಕೆ ‘ಬ್ಯಾಕ್‌ವರ್ಡ್’ ಮಾಡಿದ್ದೆ. ವಾರಗಟ್ಟಲೆ ಆ ರೂಟ್ ಒಂದೇ ಕಡೆಗೆ ಕೆಲಸ ಮಾಡಿತು. ಯಾರಾದರೂ ಅದನ್ನು ನಂಬಿ ಎದುರು ದಿಕ್ಕಿಗೆ ಹೋಗಿದ್ದರೆ ಅನ್ನೋ ಯೋಚನೆ ಇವತ್ತಿಗೂ ಬರುತ್ತದೆ.

ರೌಂಡ್‌ಅಬೌಟಿನ ಸುತ್ತಲಿನ ಸೈಕಲ್ ದಾರಿ ಕೆಲವು ಕಡೆ ಒನ್‌ವೇ, ಕೆಲವು ಕಡೆ ಎರಡೂ ದಿಕ್ಕಿಗೆ. ಉಪಗ್ರಹ ಚಿತ್ರದಲ್ಲಿ ಗೊತ್ತಾಗಲ್ಲ. ಹೋಗಿ ನೆಲದ ಮೇಲಿನ ಗುರುತು ನೋಡಲೇಬೇಕು.


ಉಟ್ರೆಕ್ಟ್_ಹಾಸನ · ಸೋಮವಾರ ರಾತ್ರಿ 8:30

ಕಾಲುದಾರಿಯವರೇ, ಸರಿಯಾದ ಸಮಯಕ್ಕೆ ಹೇಳಿದಿರಿ. ಇದನ್ನು ಕಣ್ಣಿಗೆ ಕಾಣುವ ಹಾಗೆ ನೋಡೋಕೆ ಜೋಸಮ್ ಒಳ್ಳೆಯದು. ಅದರ ರಿಲೇಷನ್ ಕಿಟಕಿಯಲ್ಲಿ ತುಂಡುಗಳ ಪಕ್ಕ ಒಂದು ಗೆರೆ ಬರುತ್ತದೆ. ಎಲ್ಲ ಸೇರಿದ್ದರೆ ಗೆರೆ ಕಡಿಯದೆ ಹೋಗುತ್ತದೆ, ಎರಡು ಬದಿ ಬೇರೆಯಾಗುವ ಕಡೆ ಕವಲೊಡೆದು ಮತ್ತೆ ಸೇರುತ್ತದೆ. ಎಲ್ಲಿ ಕಡಿದಿದೆಯೋ ಅಲ್ಲಿ ತೂತು. ಐಡಿಯಲ್ಲಿ ಒಂದು ಚುಕ್ಕೆಯ ಟ್ಯಾಗ್ ಬದಲಾಯಿಸೋದು ಸಲೀಸು, ಆದರೆ ಮೂರು ರೂಟ್ ಒಟ್ಟಿಗೆ ಹೊಲಿಯೋಕೆ ಜೋಸಮ್ ತೆರೆಯಿರಿ. ಕಲಿಯೋಕೆ ಒಂದು ಸಂಜೆ ಹಿಡಿಯುತ್ತದೆ, ಅಷ್ಟೇ.

ಮತ್ತೆ ಮುಂದಕ್ಕೆ: ಹಳೆಯ ಗೆರೆ ಅಳಿಸಿ ಹೊಸದು ಬರೆಯಬೇಡಿ. ಇರುವ ಗೆರೆಯನ್ನೇ ಎಳೆದು ಹೊಸ ಆಕಾರಕ್ಕೆ ತನ್ನಿ. ಅದಕ್ಕೆ ಅಂಟಿಕೊಂಡ ರೂಟುಗಳು, ಹಳೆಯ ಇತಿಹಾಸ ಎಲ್ಲ ಉಳಿಯುತ್ತದೆ. ಚುಕ್ಕೆ ಅಳಿಸುವ ಮುಂಚೆ ಅದರ ಮೇಲೆ ಟ್ಯಾಗ್ ಇದೆಯಾ ಅಂತ ಒಂದು ಸಲ ನೋಡಿ. ಮನೆ ಕೆಡವುವ ಮುಂಚೆ ಒಳಗೆ ಯಾರಾದರೂ ಇದ್ದಾರಾ ಅಂತ ನೋಡಲ್ವಾ, ಹಾಗೆ.


ಮೈಸೂರು_ಸವಾರಿ · ಮಂಗಳವಾರ ಬೆಳಿಗ್ಗೆ 6:20

ಓದುತ್ತಾ ಹೋದರೆ ಆಸೆ ಆಗುತ್ತದೆ. ನಮ್ಮದು ಮೈಸೂರಿನಲ್ಲಿ ಭಾನುವಾರದ ಸೈಕಲ್ ಗುಂಪು. ಎರಡು ಪ್ರಶ್ನೆ. ಇಲ್ಲಿ 2017ರಿಂದ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ನಿಲ್ದಾಣಗಳು ಇವೆಯಲ್ಲ, ಅವುಗಳಿಗೆ ಈ ಆರ್‌ಸಿಎನ್ ನಂಬರ್ ಹಾಕಬಹುದಾ? ಎರಡನೆಯದು, ಚಾಮುಂಡಿ ಬೆಟ್ಟದ ಸುತ್ತ ನಾವು ಹೋಗುವ ದಾರಿಗಳು ಸೇರುವ ಕಡೆಗೆಲ್ಲ ನಾವೇ 1, 2, 3 ಅಂತ ನಂಬರ್ ಕೊಟ್ಟು ನಕ್ಷೆಗೆ ಹಾಕಿದರೆ ಬೇರೆಯವರಿಗೂ ಅನುಕೂಲ ಆಗಲ್ವಾ?


ಲುವೆನ್_ವಿದ್ಯಾರ್ಥಿ · ಮಂಗಳವಾರ ಬೆಳಿಗ್ಗೆ 9:00

ಎರಡಕ್ಕೂ ಬೇಡ ಅನ್ನಬೇಕಾಗುತ್ತದೆ ಸರ್, ಬೇಸರ ಮಾಡಿಕೊಳ್ಳಬೇಡಿ.

ಟ್ರಿಣ್ ಟ್ರಿಣ್ ನಿಲ್ದಾಣಕ್ಕೆ ‘ಅಮೆನಿಟಿ=ಬೈಸಿಕಲ್_ರೆಂಟಲ್’ ಅಂತ ಹಾಕಿ. ನಿಲ್ದಾಣಕ್ಕೆ ನಂಬರ್ ಬರೆದಿದ್ದರೆ ಸುಮ್ನೆ ‘ರೆಫ್’ ಸಾಕು. ಅದು ಸೈಕಲ್ ಸಿಗುವ ಜಾಗ, ದಾರಿಗಳ ಜಾಲದ ಗಂಟು ಅಲ್ಲ.

ಬೆಟ್ಟದ ನಂಬರಿನ ವಿಷಯ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಿಯಮ ಒಂದೇ: ನೆಲದ ಮೇಲೆ ಇರುವುದು ನಕ್ಷೆಯಲ್ಲಿ ಇರಬೇಕು. ಅಪರಿಚಿತರೊಬ್ಬರು ಆ ಜಾಗಕ್ಕೆ ಹೋಗಿ ನಿಂತರೆ ಅವರಿಗೆ ಆ ನಂಬರ್ ಕಾಣಬೇಕು. ನಿಮ್ಮ ಗುಂಪಿನ ಮನಸ್ಸಿನಲ್ಲಿ ಇರುವ 1, 2, 3 ಅಲ್ಲಿ ಕಾಣಲ್ಲ. ಅದಕ್ಕೆ ಯೂಮ್ಯಾಪ್ ಅಂತ ಇದೆ. ಅದೇ ನಕ್ಷೆಯ ಮೇಲೆ ನಿಮ್ಮದೇ ಪದರ ಹಾಕಿ ಗುಂಪಿಗೆ ಹಂಚಿಕೊಳ್ಳಬಹುದು. ನಾಳೆ ಬೆಟ್ಟದಲ್ಲಿ ನಿಜವಾದ ಫಲಕಗಳು ಬಂದರೆ ಆಗ ಖಂಡಿತ ಹಾಕೋಣ.


ಉಟ್ರೆಕ್ಟ್_ಹಾಸನ · ಮಂಗಳವಾರ ಮಧ್ಯಾಹ್ನ 12:45

ಮೈಸೂರಿನವರೇ, ನಮ್ಮ ನೆಲದಲ್ಲೂ ನಂಬರುಗಳಿವೆ, ನಾವು ಹಾಕಿಲ್ಲ ಅಷ್ಟೇ. ಕಿಲೋಮೀಟರ್ ಕಲ್ಲುಗಳು. ರಾಷ್ಟ್ರೀಯ ಹೆದ್ದಾರಿಯಲ್ಲಿ ಹಳದಿ ತಲೆಯದು, ರಾಜ್ಯ ಹೆದ್ದಾರಿಯಲ್ಲಿ ಹಸಿರು ತಲೆಯದು. ಅದರಲ್ಲಿ ಊರಿನ ಹೆಸರು, ದೂರ ಕನ್ನಡದಲ್ಲೇ ಬರೆದಿರುತ್ತದೆ. ‘ಹೈವೇ=ಮೈಲ್‌ಸ್ಟೋನ್’ ಅಂತ ಹಾಕಿ. ಭಾನುವಾರ ಸೈಕಲ್ ನಿಲ್ಲಿಸಿ ನೀರು ಕುಡಿಯುವಾಗ ಒಂದು ಫೋಟೋ ಸಾಕು. ಬೆಟ್ಟದ ಮೆಟ್ಟಿಲು ದಾರಿ, ಅದರ ಪಕ್ಕದ ಕುಡಿಯುವ ನೀರಿನ ನಲ್ಲಿ, ದಾರಿಗಳ ಕನ್ನಡ ಹೆಸರು, ಇವೆಲ್ಲ ಸರಿ ಇವೆಯಾ ನೋಡಿ. ಇವು ಇದ್ದರೆ ನಾಳೆ ಯಾವ ಜಾಲ ಬಂದರೂ ನೆಲಗಟ್ಟು ಸಿದ್ಧ ಇರುತ್ತದೆ.


ಮೈಸೂರು_ಸವಾರಿ · ಮಂಗಳವಾರ ಸಂಜೆ 5:30

ಕಿಲೋಮೀಟರ್ ಕಲ್ಲು! ದಿನಾ ಅದರ ಮೇಲೇ ಕೂರುತ್ತೇವೆ, ಹೊಳೆದೇ ಇರಲಿಲ್ಲ. ಈ ಭಾನುವಾರ ನಂಜನಗೂಡು ರಸ್ತೆಯಿಂದ ಶುರು ಮಾಡುತ್ತೇವೆ.


ಕಾಲುದಾರಿ · ಬುಧವಾರ ರಾತ್ರಿ 9:10

ನಡಿಗೆಯ ಜಾಲದ ಬಗ್ಗೆಯೂ ನಾಲ್ಕು ಮಾತು, ಯಾಕೆಂದರೆ ನಾನು ಹಾಕುವುದು ಅದನ್ನೇ.

ಒಂದೇ ಚುಕ್ಕೆಗೆ ಸೈಕಲ್ ನಂಬರ್ 23, ನಡಿಗೆ ನಂಬರ್ 61 ಎರಡೂ ಇರಬಹುದು. ಎರಡು ಟ್ಯಾಗ್ ಪಕ್ಕಪಕ್ಕ. ಒಂದನ್ನು ನೋಡಿ ಇನ್ನೊಂದು ತಪ್ಪು ಅಂದುಕೊಳ್ಳಬೇಡಿ. ಕೆಲವು ಕಡೆ ನಡಿಗೆಯ ಗಂಟಿಗೆ ನಂಬರೇ ಇರಲ್ಲ, ಹೆಸರು ಇರುತ್ತದೆ. ಆಗ ‘ಆರ್‌ಡಬ್ಲ್ಯುಎನ್_ನೇಮ್’.

ನಡಿಗೆಯ ದಾರಿ ಹೊಲದ ಅಂಚಿನಲ್ಲಿ, ಹಸುಗಳ ಬೇಲಿ ದಾಟಿ ಹೋಗುತ್ತದೆ. ನಕ್ಷೆಯಲ್ಲಿ ಆ ಕಾಲುದಾರಿ ಇರುವುದೇ ಇಲ್ಲ. ಮೊದಲು ದಾರಿ ಬರೆಯಬೇಕು, ಬೇಲಿ ಹತ್ತುವ ಮೆಟ್ಟಿಲಿಗೆ ‘ಬ್ಯಾರಿಯರ್=ಸ್ಟೈಲ್’ ಹಾಕಬೇಕು, ಆಮೇಲೆ ರೂಟ್. ಮಂಡಿ ನೋವಿರುವವರಿಗೆ, ನಾಯಿ ಕರೆದುಕೊಂಡು ಬರುವವರಿಗೆ ಆ ಒಂದು ಟ್ಯಾಗ್ ದೊಡ್ಡ ಉಪಕಾರ. ಹಕ್ಕಿಗಳು ಗೂಡು ಕಟ್ಟುವ ಕಾಲ, ಮಾರ್ಚ್ 15ರಿಂದ ಜುಲೈ 15ರವರೆಗೆ, ಇಲ್ಲಿ ಕೆಲವು ಹುಲ್ಲುಗಾವಲಿನ ದಾರಿಗಳನ್ನು ಮುಚ್ಚುತ್ತಾರೆ. ಗೇಟಿನ ಮೇಲೆ ಬರೆದಿರುತ್ತದೆ. ಅದನ್ನೂ ‘ಫುಟ್:ಕಂಡಿಷನಲ್’ ಅಂತ ಹಾಕಿ. ಹಾಕದಿದ್ದರೆ ನಮ್ಮ ನಕ್ಷೆ ನೋಡಿಯೇ ಜನ ಗೂಡು ತುಳಿಯುತ್ತಾರೆ.

ಬೋರ್ಡಿನ ಮೇಲಿನ ದೊಡ್ಡ ನಕ್ಷೆಯ ಫೋಟೋ ತೆಗೆದು ಮನೆಯಲ್ಲಿ ಕೂತು ರೂಟುಗಳನ್ನು ನಕಲು ಮಾಡಬೇಡಿ. ಆ ನಕ್ಷೆಗೆ ಯಾರದೋ ಹಕ್ಕು ಇರುತ್ತದೆ. ಬಾಣ ಹಿಡಿದು ನಡೆದು ಕಂಡದ್ದನ್ನು ಹಾಕಿ.


ಉಟ್ರೆಕ್ಟ್_ಹಾಸನ · ಗುರುವಾರ ಬೆಳಿಗ್ಗೆ 8:05

ಐಂಡ್‌ಹೋವನ್ ಅವರೇ, ಸ್ಥಳಕ್ಕೆ ಹೋದಾಗ ಬಾಣಗಳನ್ನು ಎಣಿಸಿ. 23ರಿಂದ ನಾಲ್ಕು ನಂಬರಿನ ಕಡೆ ಬಾಣ ಇದ್ದರೆ ಚುಕ್ಕೆಗೆ ‘ಎಕ್ಸ್‌ಪೆಕ್ಟೆಡ್_ಆರ್‌ಸಿಎನ್_ರೂಟ್_ರಿಲೇಷನ್ಸ್=4’ ಅಂತ ಹಾಕಿ. ನಕ್ಷೆಯಲ್ಲಿ ಮೂರೇ ರೂಟ್ ಇದ್ದರೆ ಒಂದು ಬಾಕಿ ಇದೆ ಅಂತ ಮುಂದೆ ಬರುವವರಿಗೆ ಗೊತ್ತಾಗುತ್ತದೆ. ನೋಡಿ ಬಂದ ದಿನಾಂಕವನ್ನು ‘ಸರ್ವೆ:ಡೇಟ್’ನಲ್ಲಿ ಬರೆಯಿರಿ. ಕ್ನೋಪ್‌ಪುಂಟ್‌ನೆಟ್ ತಾಣ ಇಡೀ ಜಾಲವನ್ನು ಜಾಲಾಡಿ ಎಲ್ಲಿ ರೂಟ್ ಕಡಿದಿದೆ, ಎಲ್ಲಿ ಲೆಕ್ಕ ತಪ್ಪಿದೆ ಅಂತ ತೋರಿಸುತ್ತದೆ. ನಿಮ್ಮ ಕೆಲಸ ಮುಗಿದ ಮೇಲೆ ಅಲ್ಲಿ ನೋಡಿ. ವೇಮಾರ್ಕ್ಡ್ ಟ್ರೇಲ್ಸ್ ಅನ್ನುವ ತಾಣದಲ್ಲೂ ರೂಟಿನ ಬಣ್ಣದ ಗೆರೆ ತುಂಡಾಗದೆ ಬಂತಾ ನೋಡಿ.


ಐಂಡ್‌ಹೋವನ್_ಕನ್ನಡಿಗ · ಶನಿವಾರ ರಾತ್ರಿ 10:15

ಇವತ್ತು ಹೋಗಿ ಬಂದೆ. ಮಗಳೂ ಬಂದಿದ್ದಳು, ಫೋಟೋ ಅವಳೇ ತೆಗೆದಳು. ನಾಲ್ಕೂ ತೋಳಿನ ಹತ್ತಿರ ನಿಂತು ನೋಡಿದೆವು. 23 ಅನ್ನುವ ನಂಬರ್ ಎರಡು ಕಡೆ ಮಾತ್ರ ಬರೆದಿದೆ, ಉಳಿದ ಎರಡು ಕಡೆ ಬರೀ ಬಾಣ. ಹಾಗಾಗಿ ಎರಡು ಚುಕ್ಕೆಗೆ ನಂಬರ್ ಹಾಕಿದೆ. ಸೈಕಲ್ ವೃತ್ತ ಒನ್‌ವೇ, ನೆಲದ ಮೇಲೆ ಬಿಳಿ ಬಾಣ ಇದೆ. ನಾನು ಎರಡೂ ದಿಕ್ಕು ಅಂತ ಬರೆದಿದ್ದೆ, ಅದನ್ನೂ ತಿದ್ದಿದೆ.

ಹುಲ್ಲಿನ ಮೇಲಿನ ನನ್ನ ಚುಕ್ಕೆಯಿಂದ ನಂಬರ್ ತೆಗೆದು ಗೈಡ್‌ಪೋಸ್ಟ್ ಮಾಡಿದೆ. ಪಕ್ಕದ ರೌಂಡ್‌ಅಬೌಟುಗಳಲ್ಲಿ ತೋಳು ಚಾಚುವ ಪದ್ಧತಿಯೇ ಇದೆ, ಅದೇ ಮಾಡಿದೆ. ಜೋಸಮ್‌ನಲ್ಲಿ ಮೂರು ರೂಟಿನ ಗೆರೆಯೂ ಕಡಿಯದೆ ಬಂತು. ಕಾಮೆಂಟ್ ಹಾಕಿದ್ದ ಮ್ಯಾಪರ್‌ಗೆ ಬರೆದೆ. ಅವರು ನೋಡಿ ಸರಿ ಇದೆ ಅಂದರು.

ಒಂದು ವಿಷಯ ಬಾಕಿ. ಬಾಣಗಳು ನಾಲ್ಕು, ರೂಟು ಮೂರು. ನಾಲ್ಕನೆಯ ಬಾಣ 58 ಅನ್ನುತ್ತದೆ. ನಕ್ಷೆಯಲ್ಲಿ 23-58 ಅನ್ನುವುದೇ ಇಲ್ಲ. ಸ್ವಲ್ಪ ದೂರ ಹೋದೆವು, ಕಾಲುವೆ ದಂಡೆ ಹಿಡಿದು ಕಾಡಿನ ಕಡೆ ಹೋಗುತ್ತದೆ. ಕತ್ತಲಾಯಿತು, ಮಗಳಿಗೆ ಚಳಿ ಅಂತ ವಾಪಸ್ ಬಂದೆವು. 4 ಅಂತ ಹಾಕಿ, ಇವತ್ತಿನ ದಿನಾಂಕ ಬರೆದು ಬಿಟ್ಟಿದ್ದೇನೆ.


ಕಾಲುದಾರಿ · ಶನಿವಾರ ರಾತ್ರಿ 10:40

ಕಾಡಿನೊಳಗೆ ಸಿಗ್ನಲ್ ಸಿಗದೇ ಇರಬಹುದು, ಜಿಪಿಎಸ್ ಟ್ರ್ಯಾಕ್ ಮೊದಲೇ ಆನ್ ಮಾಡಿಕೊಳ್ಳಿ. ನಾಳೆ ನಾನು ಬಿಡುವಾಗಿದ್ದೇನೆ, ಐಂಡ್‌ಹೋವನ್‌ಗೆ ರೈಲಿನಲ್ಲಿ ಸೈಕಲ್ ತರುತ್ತೇನೆ. ಹತ್ತು ಗಂಟೆಗೆ 23ರ ಹತ್ತಿರ ಇರುತ್ತೀರಾ?


ಐಂಡ್‌ಹೋವನ್_ಕನ್ನಡಿಗ · ಶನಿವಾರ ರಾತ್ರಿ 10:45

ಇರುತ್ತೇನೆ. ಚಿತ್ರಾನ್ನ ಕಟ್ಟಿಸಿಕೊಂಡು ಬರುತ್ತೇನೆ. ಪೂರ್ವದ ಕಡೆಯ 23, ಗೈಡ್‌ಪೋಸ್ಟ್ ಇರುವ ಕಡೆ.